ಖಾಸಗಿ ಕೆಲಸದಲ್ಲಿ ತಾರತಮ್ಯವಾದರೆ ‘16ನೇ ವಿಧಿ’ ಸಾಕೇ?

ಶಂಕರಪುರದಲ್ಲಿ ಮಲ್ಲಿಗೆಯ ದಿನದ ದರ ಮೊಬೈಲಿಗೆ ಬರುವಷ್ಟೇ ಬೇಗ ಕಾನೂನಿನ ಫಾರ್ವರ್ಡ್‌ಗಳೂ ಬಂದು ಬೀಳುತ್ತವೆ. ‘ಅಂಗಡಿಯಾಗಲಿ ಕಂಪನಿಯಾಗಲಿ, ಕೆಲಸದಲ್ಲಿ ತಾರತಮ್ಯ ಮಾಡಿದರೆ ಸಂವಿಧಾನದ 16ನೇ ವಿಧಿಯಡಿ ನೇರ ಹೈಕೋರ್ಟಿಗೆ ಹೋಗಿ’ ಎನ್ನುವುದು ಅಂಥದ್ದೊಂದು. ಇದು ಅರ್ಧ ಸತ್ಯ. ನಂಬಿ ಹೊರಟರೆ ಖರ್ಚೂ ಆಗುತ್ತದೆ, ದೂರು ಕೊಡುವ ಗಡುವೂ ಮೀರುತ್ತದೆ.

16ನೇ ವಿಧಿ ಇರುವುದು ಸರ್ಕಾರಿ ಉದ್ಯೋಗಕ್ಕೆ. ಕೊಡಗಿನ ಸಿ.ಬಿ. ಮುತ್ತಮ್ಮ ವಿದೇಶಾಂಗ ಸೇವೆಯ ಮೊದಲ ಮಹಿಳಾ ಅಧಿಕಾರಿ. ಬಡ್ತಿ ತಪ್ಪಿದಾಗ ಅವರು ಸುಪ್ರೀಂ ಕೋರ್ಟಿಗೆ ಹೋದರು. ಮಹಿಳಾ ಅಧಿಕಾರಿ ಮದುವೆಗೆ ಮೊದಲು ಸರ್ಕಾರದ ಲಿಖಿತ ಅನುಮತಿ ಪಡೆಯಬೇಕೆಂಬ ನಿಯಮ ಆಗ ಇತ್ತು! ಗಂಡಸರಿಗೆ ಅದಿರಲಿಲ್ಲ. ಕೇಸು ನಡೆಯುತ್ತಿದ್ದಾಗಲೇ ಬಡ್ತಿ ಸಿಕ್ಕಿದ್ದರಿಂದ 1979ರಲ್ಲಿ ಅರ್ಜಿ ವಜಾ ಆಯಿತು. ಆದರೂ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಆ ನಿಯಮಗಳನ್ನು ತೀವ್ರವಾಗಿ ಟೀಕಿಸಿದರು.

ಖಾಸಗಿ ಕೆಲಸದಲ್ಲಿ ದಾರಿ ಬೇರೆ. ಮುಂಬೈಯ ಮ್ಯಾಕಿನನ್ ಮೆಕೆಂಜಿ ಕಂಪನಿಯಲ್ಲಿ ಸ್ಟೆನೋ ಆಗಿದ್ದ ಆಡ್ರಿ ಡಿಕೋಸ್ಟಾ, ಪುರುಷ ಸ್ಟೆನೋಗಳಿಗಿಂತ ತಮಗೆ ಕಡಿಮೆ ಸಂಬಳ ಎಂದು ಮೊದಲು ದೂರು ಕೊಟ್ಟದ್ದು ಸಮಾನ ವೇತನ ಕಾಯ್ದೆಯಡಿ, ಕಾರ್ಮಿಕ ಇಲಾಖೆಯ ಅಧಿಕಾರಿಗೆ. ಅಲ್ಲಿ ಸೋತರು, ಮೇಲ್ಮನವಿಯಲ್ಲಿ ಗೆದ್ದರು. ‘ಯೂನಿಯನ್ ಒಪ್ಪಿದೆ’, ‘ನಮ್ಮಲ್ಲಿ ದುಡ್ಡಿಲ್ಲ’ ಎಂಬ ಕಂಪನಿಯ ವಾದಗಳನ್ನು 1987ರಲ್ಲಿ ಸುಪ್ರೀಂ ಕೋರ್ಟು ತಳ್ಳಿಹಾಕಿತು. ತೀರ್ಪು ಬರೆದವರು ನಮ್ಮ ರಾಜ್ಯದವರೇ ಆದ ನ್ಯಾಯಮೂರ್ತಿ ಇ.ಎಸ್. ವೆಂಕಟರಾಮಯ್ಯ. ಹುದ್ದೆಯ ಹೆಸರು ಬೇರೆಯಾದರೆ ಸಾಲದು, ನಿಜವಾಗಿ ಮಾಡುವ ಕೆಲಸವನ್ನು ನೋಡಬೇಕು ಎಂಬುದು ಅದರ ತಿರುಳು.

2025ರ ನವೆಂಬರ್ 21ರಿಂದ ಆ ಕಾಯ್ದೆಯ ಜಾಗಕ್ಕೆ ವೇತನ ಸಂಹಿತೆ ಬಂದಿದೆ. ಒಂದೇ ಬಗೆಯ ಕೆಲಸಕ್ಕೆ ಹೆಣ್ಣು, ಗಂಡು ಎಂದು ಸಂಬಳ ಬೇರೆ ಮಾಡುವಂತಿಲ್ಲ. ದೂರಿಗೆ 3 ವರ್ಷ ಸಮಯವಿದೆ. ಕೊಡಬೇಕಾದದ್ದನ್ನು ಕೊಟ್ಟಿದ್ದೇನೆ ಎಂದು ತೋರಿಸುವ ಹೊಣೆ ಮಾಲೀಕರದು. ಆದರೆ ಇಬ್ಬರ ಕೆಲಸವೂ ಒಂದೇ ಎನ್ನಲು ನಿಮ್ಮ ಕೈಯಲ್ಲೂ ಏನಾದರೂ ಬೇಕು: ನೇಮಕಾತಿ ಪತ್ರ, ಸಂಬಳದ ಚೀಟಿ, ಹಾಜರಿ, ಕೆಲಸ ಹಂಚಿದ ವಾಟ್ಸ್ಆ್ಯಪ್ ಸಂದೇಶ. ಸಿಟ್ಟಿನಲ್ಲಿ ಗ್ರೂಪಿನಿಂದ ಹೊರಬಂದು ಚಾಟ್ ಅಳಿಸಬೇಡಿ. ಹೆರಿಗೆ ರಜೆಯಲ್ಲಿದ್ದಾಗ ಕೆಲಸದಿಂದ ತೆಗೆದರೆ ಗಡುವು ತೀರಾ ಚಿಕ್ಕದು, ಆದೇಶ ಕೈಸೇರಿದ 60 ದಿನ ಮಾತ್ರ.

ಜಾತಿ, ಧರ್ಮದ ಕಾರಣಕ್ಕೆ ಖಾಸಗಿಯವರು ಕೆಲಸ ಕೊಡದಿದ್ದರೆ ಕೇಳಲು ಎಲ್ಲಕ್ಕೂ ಅನ್ವಯಿಸುವ ಒಂದೇ ಕಾಯ್ದೆ ನಮ್ಮಲ್ಲಿಲ್ಲ. ಫಾರ್ವರ್ಡ್ ಇದನ್ನು ಹೇಳುವುದೇ ಇಲ್ಲ.

ಮನೆಯಲ್ಲಿ ದುಡಿಯುವವರ ಸಂಗತಿಯೇನು? ಸ್ವಂತ ಗಿಡದ ಮಲ್ಲಿಗೆ ಕಟ್ಟಿ ಮಾರುವವರಿಗೆ ಮಾಲೀಕರೇ ಇಲ್ಲ, ಹಾಗಾಗಿ ಈ ದಾರಿಯೂ ಇಲ್ಲ. ಬೀಡಿ ಕಟ್ಟುವವರು ಹಾಗಲ್ಲ. ಮನೆಯಲ್ಲೇ ಕಟ್ಟುವವರನ್ನೂ ಕಾರ್ಮಿಕರೆಂದು ಎಣಿಸಿದ 1966ರ ಕಾಯ್ದೆಯನ್ನು ಮಂಗಳೂರು ಗಣೇಶ್ ಬೀಡಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1974ರಲ್ಲಿ ಎತ್ತಿಹಿಡಿಯಿತು.

ದೂರು ಬರೆಯಲು ವಕೀಲರು ಬೇಕಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ. ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ, ಅಲ್ಲಿ ಉಚಿತ. ಸಹಾಯವಾಣಿ 15100.