ನೆತ್ತರು ಹೇಳುವ ಕಣಿ

ನಮ್ಮ ಸೋದರಮಾವ ಲೆಕ್ಕಪತ್ರದ ಮನುಷ್ಯ. ತಮ್ಮ ರಕ್ತಪರೀಕ್ಷೆಯ ಚೀಟಿಗಳನ್ನೆಲ್ಲ ತಾರೀಖಿನ ಕ್ರಮದಲ್ಲಿ ದಾರಕ್ಕೆ ಪೋಣಿಸಿ ಇಟ್ಟಿದ್ದರು. ಕ್ರಿಯಾಟಿನಿನ್ ಒಂದು ಮಿಲಿಗ್ರಾಂನಿಂದ ಎರಡಕ್ಕೆ ಏರಿದ ವರ್ಷ, ‘ಒಂದೇ ಅಂಕಿ ತಾನೆ’ ಎಂದು ನಕ್ಕರು. ನಾಲ್ಕರಿಂದ ಐದಕ್ಕೆ ಹೋದಾಗ ನಿದ್ದೆ ಬಿಟ್ಟರು. ಕೇಳುಗರು ಕ್ಷಮಿಸಬೇಕು, ಮನೆಯ ಮಾತಿನಿಂದ ಮೊದಲುಮಾಡಿದೆ. ಆದರೆ ನಾನು ಇಂದು ಹೇಳಹೊರಟ ಚರಿತ್ರೆಯ ತಿರುಳೆಲ್ಲ ಆ ಎರಡು ಚೀಟಿಗಳ ನಡುವೆಯೇ ಇದೆ.

ಲಂಡನ್ನಿನ ಗೈಸ್ ಆಸ್ಪತ್ರೆಯ ವೈದ್ಯ ರಿಚರ್ಡ್ ಬ್ರೈಟ್ 1827ರಲ್ಲಿ ತನ್ನ ರೋಗಿಗಳ ವೃತ್ತಾಂತವನ್ನು ಪ್ರಕಟಿಸಿದ. ಮೈ ಊದಿದವರ ಮೂತ್ರವನ್ನು ಚಮಚದಲ್ಲಿ ಹಿಡಿದು ಮೇಣದ ಬತ್ತಿಯ ಉರಿಗೆ ಒಡ್ಡಿದರೆ ಆಲ್ಬುಮಿನ್ ಹೆಪ್ಪುಗಟ್ಟುತ್ತಿತ್ತು. ಸತ್ತ ಮೇಲೆ ಸೀಳಿ ನೋಡಿದರೆ ಮೂತ್ರಪಿಂಡಗಳು ಕೆಟ್ಟಿರುತ್ತಿದ್ದವು. ರಕ್ತದ ಸಾಕ್ಷ್ಯಕ್ಕೂ ಆಗಲೇ ದಾರಿ ತೆರೆದಿತ್ತು. 1821ರಲ್ಲಿ ಜಿನೀವಾದ ಪ್ರೆವೊ ಮತ್ತು ಡ್ಯೂಮಾ, ಮೂತ್ರಪಿಂಡಗಳನ್ನು ತೆಗೆದುಹಾಕಿದ ಪ್ರಾಣಿಗಳ ನೆತ್ತರಿನಲ್ಲಿ ಯೂರಿಯಾ ಸೇರಿಕೊಳ್ಳುವುದನ್ನು ತೋರಿಸಿದ್ದರು. ಆದರೆ ಯೂರಿಯಾ ನಂಬಿಕೆಯ ಸಾಕ್ಷಿಯಲ್ಲ. ಉಂಡ ಊಟಕ್ಕೆ ತಕ್ಕಂತೆ ಮಾತು ಬದಲಿಸುತ್ತದೆ.

ಕ್ರಿಯಾಟಿನಿನ್ ಅಷ್ಟು ಚಂಚಲವಲ್ಲ. ಕ್ಷಾರದೊಡನೆ ಬೆರೆತ ಪಿಕ್ರಿಕ್ ಆಮ್ಲಕ್ಕೆ ಅದು ಕಿತ್ತಳೆಗೆಂಪು ಬಣ್ಣ ಕೊಡುವುದನ್ನು ಮ್ಯಾಕ್ಸ್ ಯಾಫೆ 1886ರಲ್ಲಿ ಕಂಡ. ಆ ಬಣ್ಣವನ್ನು ಅಳತೆಯಾಗಿಸಿದವನು ಒಟ್ಟೊ ಫೋಲಿನ್. ಕೋಪನ್‌ಹೇಗನ್ನಿನ ಪೌಲ್ ರೇಬರ್ಗ್ 1926ರಲ್ಲಿ ತಾನೇ ಕ್ರಿಯಾಟಿನಿನ್ನನ್ನು ಕುಡಿದು, ತನ್ನ ರಕ್ತವನ್ನೂ ಮೂತ್ರವನ್ನೂ ಅಳೆದು, ಮೂತ್ರಪಿಂಡ ಎಷ್ಟು ಸೋಸುತ್ತದೆಂದು ಲೆಕ್ಕಹಾಕಿದ. ಇಂಥವರ ಋಣ ನಮ್ಮ ಮೇಲೆ ದೊಡ್ಡದು.

ಇಷ್ಟಾದರೂ ಅದು ಈ ಹೊತ್ತಿನ ಸ್ಥಿತಿ ಹೇಳುವ ಅಂಕಿ ಮಾತ್ರ. ಅದರಿಂದ ಭವಿಷ್ಯವನ್ನು ಓದುವ ಉಪಾಯವನ್ನು 1976ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತೋರಿಸಿದವರು ಮಿಚ್, ವಾಲ್ಸರ್ ಮತ್ತು ಸಂಗಡಿಗರು. ಸ್ನಾಯುಗಳು ದಿನವೂ ಹೆಚ್ಚುಕಡಿಮೆ ಒಂದೇ ಪ್ರಮಾಣದ ಕ್ರಿಯಾಟಿನಿನ್ನನ್ನು ರಕ್ತಕ್ಕೆ ಬಿಡುತ್ತವೆ. ಸೋಸುವ ಶಕ್ತಿ ಅರ್ಧಕ್ಕಿಳಿದರೆ ಅದು ರಕ್ತದಲ್ಲಿ ಇಮ್ಮಡಿಯಾಗುತ್ತದೆ. ಆದ್ದರಿಂದ ಒಂದನ್ನು ಆ ಅಂಕಿಯಿಂದ ಭಾಗಿಸಬೇಕು. ಬಂದ ಉತ್ತರಗಳನ್ನು ಕಾಲಕ್ರಮದಲ್ಲಿ ಗುರುತಿಸುತ್ತ ಹೋದರೆ ಹೆಚ್ಚಿನ ರೋಗಿಗಳಲ್ಲಿ ಅವು ನೇರ ಗೆರೆಯಾಗಿ ಇಳಿಯುತ್ತವೆ. ಒಬ್ಬೊಬ್ಬರ ಇಳಿಜಾರು ಒಂದೊಂದು. ಗೆರೆಯನ್ನು ಮುಂದಕ್ಕೆಳೆದರೆ ಡಯಾಲಿಸಿಸ್ ಬೇಕಾಗುವ ಕಾಲದ ಅಂದಾಜು ಸಿಗುತ್ತದೆ.

ಈ ಲೆಕ್ಕದಲ್ಲಿ ಒಂದು ಎರಡಾಯಿತೆಂದರೆ ಶಕ್ತಿಯ ಅರ್ಧ ಪಾಲು ಹೋಯಿತು. ನಾಲ್ಕು ಐದಾದರೆ ಕಾಲುಭಾಗವಿದ್ದದ್ದು ಐದನೆಯ ಒಂದು ಭಾಗವಾಯಿತು. ಮೂಲಶಕ್ತಿಯಲ್ಲಿ ನೂರಕ್ಕೆ ಐದರಷ್ಟು ನಷ್ಟ. ಮಾವ ನಕ್ಕ ವರ್ಷವೇ ಹೆದರಬೇಕಾಗಿದ್ದ ವರ್ಷ.

ಹಾಗೆಂದು ಆ ಗೆರೆ ಹಣೆಬರಹವಲ್ಲ. ಸಕ್ಕರೆ ಕಾಯಿಲೆಯಿಂದ ಮೂತ್ರಪಿಂಡ ಕೆಟ್ಟವರಿಗೆ ಕ್ಯಾಪ್ಟೊಪ್ರಿಲ್ ಕೊಟ್ಟ ಪರೀಕ್ಷೆಯ ಫಲ 1993ರಲ್ಲಿ ಹೊರಬಂತು. ಗುಳಿಗೆ ಪಡೆದ 207 ಮಂದಿಯಲ್ಲಿ 25 ಜನರಿಗೆ ಕ್ರಿಯಾಟಿನಿನ್ ಇಮ್ಮಡಿಸಿತು. ಪಡೆಯದ 202 ಮಂದಿಯಲ್ಲಿ 43 ಜನರಿಗೆ. ಇಮ್ಮಡಿಯಾಗುವುದನ್ನೇ ಅಲ್ಲಿ ಸೋಲೆಂದು ಎಣಿಸಿದ್ದರೆಂಬುದನ್ನು ಗಮನಿಸಬೇಕು.

ಕ್ರಿಯಾಟಿನಿನ್ನಿಗೂ ಕಪಟವುಂಟು. ಮಾಂಸಖಂಡ ಕರಗಿದ ಮುದುಕಿಯಲ್ಲಿ ಅದು ಸುಮ್ಮನೆ ಕಡಿಮೆ ತೋರುತ್ತದೆ. ಸ್ನಾಯುವಿನ ಹಂಗು ಅಷ್ಟಾಗಿಲ್ಲದ ಸಿಸ್ಟಾಟಿನ್-ಸಿ 1985ರಿಂದ ಅದರ ಜೊತೆಗೆ ಬಂದಿದೆ. 2011ರಲ್ಲಿ ಕೆನಡಾದ ರೋಗಿಗಳ ದಾಖಲೆಯಿಂದ ಸಿದ್ಧವಾದ ಸೂತ್ರವೊಂದು ವಯಸ್ಸು, ಲಿಂಗ, ಸೋಸುವ ಶಕ್ತಿ ಇವುಗಳೊಡನೆ ಮೂತ್ರದ ಆಲ್ಬುಮಿನ್ನನ್ನೂ ಕೇಳುತ್ತದೆ. ಬ್ರೈಟನ ಚಮಚವನ್ನು ಬಿಟ್ಟು ರಕ್ತವೊಂದೇ ಕಣಿ ಹೇಳಲಾರದು.

ಮಾವ ತೀರಿಕೊಂಡ ಮೇಲೆ ಆ ಚೀಟಿಗಳನ್ನು ದಾರದಿಂದ ಬಿಡಿಸಿ, ಭಾಗಿಸಿ, ಚೌಕುಳಿ ಕಾಗದದ ಮೇಲೆ ಗುರುತಿಸಿದೆ. ಮೊದಲ ವರ್ಷದ ಇಳಿಜಾರು ಕಡಿದಾಗಿತ್ತು. ರಕ್ತದೊತ್ತಡದ ಗುಳಿಗೆ ಆರಂಭಿಸಿದ ಮೇಲೆ ಗೆರೆ ಹಾಯಾಗಿ ಬಾಗಿತ್ತು. ನಿದ್ದೆಗೆಟ್ಟ ವರ್ಷ ಅದು ಹೆಚ್ಚುಕಡಿಮೆ ಮಟ್ಟಸವಾಗಿಯೇ ಸಾಗಿತ್ತು.