ಹೆಬ್ಬೆಟ್ಟಿನಿಂದ ನೆತ್ತರಿನ ತನಕ

ನಮ್ಮ ಅಜ್ಜಂದಿರು ಹೆಬ್ಬೆಟ್ಟು ಒತ್ತಿದ್ದು ಅಕ್ಷರ ಬಾರದ್ದಕ್ಕೆ. ಸರ್ಕಾರ ಒತ್ತಿಸಿಕೊಂಡದ್ದು ಬೇರೆ ಕಾರಣಕ್ಕೆ. 1858ರಲ್ಲಿ ಬಂಗಾಳದ ಬ್ರಿಟಿಷ್ ಅಧಿಕಾರಿ ವಿಲಿಯಂ ಹರ್ಷೆಲ್, ಗುತ್ತಿಗೆದಾರನೊಬ್ಬನ ಅಂಗೈ ಗುರುತನ್ನು ಕರಾರಿನ ಮೇಲೆ ಒತ್ತಿಸಿಕೊಂಡ, ಆಮೇಲೆ ಅವನು ಮಾತು ತಪ್ಪಬಾರದು ಅಂತ. 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚು ಕಚೇರಿ ಶುರುವಾಯಿತು. ಗುರುತುಗಳನ್ನು ವಿಂಗಡಿಸುವ ಲೆಕ್ಕಕ್ಕೆ ತಲೆ ಸವೆಸಿದವರು ಅಜೀಜುಲ್ ಹಕ್, ಹೇಮಚಂದ್ರ ಬೋಸ್. ಪದ್ಧತಿಗೆ ಬಿದ್ದ ಹೆಸರು ಮಾತ್ರ ದೊರೆ ಎಡ್ವರ್ಡ್ ಹೆನ್ರಿಯದು.

ಈ ವಿದ್ಯೆ ಯಾರ ಬೆನ್ನಿಗೆ ಬಿತ್ತು? 1871ರಲ್ಲೇ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಬಂದಿತ್ತು. ಕದ್ದವನನ್ನಲ್ಲ, ಇಂಥ ಕುಲದಲ್ಲಿ ಹುಟ್ಟಿದವನನ್ನೇ ಕಳ್ಳ ಅಂತ ಬರೆದುಕೊಳ್ಳುವ ಕಾಯ್ದೆ. ಪಟ್ಟಿಯಲ್ಲಿದ್ದವರ ಬೆರಳಚ್ಚನ್ನು ಯಾವಾಗ ಬೇಕಾದರೂ ತೆಗೆಯಬಹುದು ಅಂದಿತು 1911ರ ಕಾಯ್ದೆ. ಹುಬ್ಬಳ್ಳಿಯಲ್ಲಿ ಹೀಗೆ ಕೂಡಿಹಾಕಿದ ಜಾಗಕ್ಕೆ ಇವತ್ತಿಗೂ ಸೆಟ್ಲಮೆಂಟ್ ಅಂತಲೇ ಹೆಸರು. 1952ರಲ್ಲಿ ಆ ಕಾಯ್ದೆ ರದ್ದಾಯಿತು. ಆದರೆ ರೂಢಿಗತ ಅಪರಾಧಿಗಳ ಕಾಯ್ದೆಗಳು ಬಂದವು, ಕರ್ನಾಟಕದ್ದು 1961ರದು.

ಕೈದಿಗಳ ಗುರುತು ತೆಗೆಯಲು ಬ್ರಿಟಿಷರು 1920ರಲ್ಲಿ ಮಾಡಿದ ಕಾಯ್ದೆ ಸ್ವತಂತ್ರ ಭಾರತದಲ್ಲೂ ನಡೆದೇ ಇತ್ತು. 2022ರಲ್ಲಿ ಅದರ ಜಾಗಕ್ಕೆ ಹೊಸದು ಬಂತು. ಈಗ ಬೆರಳು, ಅಂಗೈ, ಪಾದ ಸಾಲದು. ಕಣ್ಣಿನ ಪಾಪೆ ಬೇಕು, ಜೈವಿಕ ಮಾದರಿ ಬೇಕು, ಅದರ ವಿಶ್ಲೇಷಣೆಯೂ ಬೇಕು. ಡಿಎನ್‌ಎ ಎಂಬ ಮಾತು ಆ ವಿವರಣೆಯಲ್ಲಿಲ್ಲ. ಆದರೆ ಚೀಲದ ಬಾಯಿ ದೊಡ್ಡದು. ದಾಖಲೆ 75 ವರ್ಷ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದಲ್ಲಿ ಇರುತ್ತದೆ, ಅಲ್ಲಿಂದ ಪೊಲೀಸ್ ಸಂಸ್ಥೆಗಳಿಗೆ ಹೋಗುತ್ತದೆ. ಡಿಎನ್‌ಎ ಬ್ಯಾಂಕಿಗೇ ಬೇರೆ ನಿಯಮ ಬೇಕು ಅಂತ 2019ರಲ್ಲಿ ಲೋಕಸಭೆಗೆ ತಂದ ಮಸೂದೆಯನ್ನು 2023ರಲ್ಲಿ ವಾಪಸು ಪಡೆದರು.

ಗೆಳೆಯರೇ, ಹೆಬ್ಬೆಟ್ಟು ಒಬ್ಬನದು. ನೆತ್ತರು ಹಾಗಲ್ಲ, ಅದು ಅಪ್ಪನನ್ನು ಹೇಳುತ್ತದೆ, ಒಡಹುಟ್ಟಿದವರನ್ನು ಹೇಳುತ್ತದೆ. ಒಬ್ಬನ ನೆತ್ತರು ದಾಖಲಾದರೆ ಮನೆತನವೇ ದಾಖಲಾದಂತೆ. ಹುಟ್ಟಿನಿಂದ ಗುರುತು ಹಾಕಿಸಿಕೊಂಡವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ.

2022ರ ಡಿಸೆಂಬರಿನಲ್ಲಿ ತಮಿಳುನಾಡಿನ ವೆಂಗೈವಯಲ್‌ನಲ್ಲಿ ದಲಿತರ ಕುಡಿಯುವ ನೀರಿನ ಟ್ಯಾಂಕಿನೊಳಗೆ ಮಲ ಸಿಕ್ಕಿತು. ಪರೀಕ್ಷೆಗೆ ನೆತ್ತರು ಕೇಳಿದ್ದು ಯಾರನ್ನು? ಆ ನೀರು ಕುಡಿದ ದಲಿತರನ್ನೂ. ನೊಂದವರನ್ನೇ ಯಾಕೆ ಕೇಳುತ್ತೀರಿ ಅಂತ ಕೆಲವರು ಕೈ ಚಾಚಲಿಲ್ಲ. 31 ಮಂದಿಯ ಮಾದರಿ ನೋಡಿದರು, ಯಾರದೂ ಹೊಂದಲಿಲ್ಲ. 2025ರ ಜನವರಿಯಲ್ಲಿ ಆರೋಪಪಟ್ಟಿ ಹೊರಿಸಿದ್ದು ಅದೇ ಊರಿನ ಮೂವರು ದಲಿತರ ಮೇಲೆ. ಅದು ಆರೋಪ, ತೀರ್ಪಲ್ಲ.

ನಮಗೆ ವಿಜ್ಞಾನದ ಮೇಲೆ ಸಿಟ್ಟಿಲ್ಲ. ಅತ್ಯಾಚಾರಿಯನ್ನು ಹಿಡಿಯುವ, ನಿರಪರಾಧಿಯನ್ನು ಬಿಡಿಸುವ ಶಕ್ತಿ ಅದಕ್ಕಿದೆ. ನಮ್ಮ ಕೇಳಿಕೆ ಒಂದೇ, ಬೀಗದ ಕೈ ಯಾರ ಹತ್ತಿರ ಇದೆ? 2010ರಲ್ಲಿ ಸೆಲ್ವಿ ಮತ್ತು ಕರ್ನಾಟಕ ಸರ್ಕಾರದ ಮೊಕದ್ದಮೆಯಲ್ಲಿ, ಒಪ್ಪಿಗೆಯಿಲ್ಲದೆ ಮಂಪರು ಪರೀಕ್ಷೆ ಮಾಡಕೂಡದು ಅಂತ ಸುಪ್ರೀಂ ಕೋರ್ಟ್ ಹೇಳಿತು. ಬಂಧಿತರು ಜೈವಿಕ ಮಾದರಿ ಕೊಡದೆ ಇರಲು 2022ರ ಕಾಯ್ದೆಯಲ್ಲೂ ಒಂದು ಸಂದು ಇದೆ, ಅಪರಾಧದ ಶಿಕ್ಷೆ ಏಳು ವರ್ಷಕ್ಕಿಂತ ಕಡಿಮೆ ಇದ್ದರೆ. ಹೆಂಗಸರು, ಮಕ್ಕಳ ಮೇಲಿನ ಅಪರಾಧಕ್ಕೆ ಆ ಸಂದಿಲ್ಲ, ಇರಬಾರದು ಕೂಡ. ಹಿಂದೆ ಶಿಕ್ಷೆಯಾಗದವರು ಪೂರ್ತಿ ಬಿಡುಗಡೆಯಾದರೆ ದಾಖಲೆ ಅಳಿಸಬೇಕು, ಕೋರ್ಟು ಕಾರಣ ಬರೆದು ತಡೆಯದಿದ್ದರೆ.

ಠಾಣೆಯಲ್ಲಿ ಇದನ್ನು ಕೂಲಿಯವನಿಗೆ ಹೇಳುವವರು ಯಾರು? ನಮ್ಮ ಮನೆಗಳಲ್ಲಿ ಸಹಿ ಮಾಡಲು ಮೊದಲು ಕಲಿತವರು ನಾವು. ಆ ಅಳಿಸುವ ಅರ್ಜಿಯನ್ನು ಬರೆದುಕೊಡಬೇಕಾದವರೂ ನಾವೇ.