ಆಲ್ ಬೋಲಿ: ಮುದ್ರಿಕೆಗಳಲ್ಲಿ ಉಳಿದ ಕಂಠ

ಬ್ರಿಟನ್ನಿನ ನೃತ್ಯ ವಾದ್ಯವೃಂದಗಳ ಪ್ರಮುಖ ಗಾಯಕ ಆಲ್ ಬೋಲಿ ಜನಿಸಿದ್ದು ಮೊಜಾಂಬಿಕ್‌ನಲ್ಲಿ, ಬೆಳೆದದ್ದು ಜೋಹಾನ್ಸ್‌ಬರ್ಗ್‌ನಲ್ಲಿ. 1920ರ ದಶಕದಲ್ಲಿ ಕಲ್ಕತ್ತೆಯಲ್ಲೂ ಹಾಡಿದ್ದ ಅವರ ಧ್ವನಿಮುದ್ರಣ ವೃತ್ತಿ 1927ರಲ್ಲಿ ಬರ್ಲಿನ್‌ನಲ್ಲಿ ಆರಂಭವಾಯಿತು. ಮರುವರ್ಷ ಲಂಡನ್ ಸೇರಿದ ಅವರು ರೇ ನೋಬಲ್, ಲ್ಯೂ ಸ್ಟೋನ್ ವೃಂದಗಳೊಂದಿಗೆ ನೂರಾರು ಗೀತೆಗಳನ್ನು ಮುದ್ರಿಸಿದರು. ಮೈಕ್ರೊಫೋನ್ ಬಂದ ಮೇಲೆ ದನಿಯೆತ್ತಿ ಹಾಡುವ ಅನಿವಾರ್ಯತೆ ತಪ್ಪಿತ್ತು; ಆಪ್ತವಾದ ಮೆಲುದನಿಯೇ ಬೋಲಿ ಅವರ ಹೆಗ್ಗುರುತಾಯಿತು.

1934ರಲ್ಲಿ ನೋಬಲ್ ಜತೆ ಅಮೆರಿಕಕ್ಕೆ ತೆರಳಿದರು. 1937ರಲ್ಲಿ ಗಂಟಲಿನ ಶಸ್ತ್ರಚಿಕಿತ್ಸೆಗೆ ಒಳಗಾದರು. ಸ್ವರ ಮರಳಿತಾದರೂ ಹಿಂದಿನ ಬೇಡಿಕೆ ಮರಳಲಿಲ್ಲ.

1941ರ ಏಪ್ರಿಲ್ 2ರಂದು ಹಿಟ್ಲರನನ್ನು ಗೇಲಿ ಮಾಡುವ ಗೀತೆಯೊಂದನ್ನು ಮುದ್ರಿಸಿದರು. ಅದೇ ಕೊನೆಯ ಧ್ವನಿಮುದ್ರಣ. ಏಪ್ರಿಲ್ 17ರ ನಸುಕಿನಲ್ಲಿ ಲಂಡನ್ ಮೇಲೆ ನಡೆದ ಜರ್ಮನ್ ವಾಯುದಾಳಿಗೆ ಸ್ವಗೃಹದಲ್ಲೇ ಬಲಿಯಾದರು. ಸಾಮೂಹಿಕ ಸಮಾಧಿಯಲ್ಲಿ ಅವರ ಅಂತ್ಯಕ್ರಿಯೆ ನಡೆಯಿತು. 1980ರ ‘ದಿ ಶೈನಿಂಗ್’ ಚಿತ್ರದ ಅಂತಿಮ ದೃಶ್ಯದಲ್ಲಿ ಅವರ 1934ರ ಮುದ್ರಿಕೆಯೊಂದು ಹೊಸ ತಲೆಮಾರಿನ ಕಿವಿಗೆ ಬಿದ್ದಿತು.